ಎರಡು ಪಡಸಾಲೆ ಹಗ್ಗ

“ಬಾವಿ ಕೆಳಕ್ಕೆ ಹೋಯ್ತೋ, ಹಗ್ಗ ಮೇಲಕ್ಕೆ ಬಂತೋ?”

ತಾಯಕ್ಕ ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಅವಳ ಮುಂದೆ ದೊಡ್ಡಬಾವಿಯಿತ್ತು, ಹಿಂದೆ ಕೊಡ ಹಿಡಿದು ನಾನಿದ್ದೆ. ನಮ್ಮಿಬ್ಬರಲ್ಲಿ ಯಾರೂ ಬಾಯಿ ಬಿಡುವವರಲ್ಲ ಎಂದು ಅವಳಿಗೆ ಗೊತ್ತಿತ್ತು. ಹಿಂದಿನ ದಿನ ತಾನೇ ಕಟ್ಟಿದ ಹೊಸ ಹಗ್ಗ ಅದು. ತುದಿಯ ಗಂಟು ಆಗಲೇ ಅವಳ ಮುಷ್ಟಿಗೆ ಬಂದಿತ್ತು, ಬಿಂದಿಗೆ ಮಾತ್ರ ನೀರಿಗಿಂತ ಏಳೆಂಟು ಮೊಳ ಮೇಲೆ ತೊಟ್ಟಿಲಿನ ಹಾಗೆ ತೂಗಾಡುತ್ತಿತ್ತು.

“ಎಲ್ಲಾ ಭಗವಂತನ ಇಚ್ಛೆ,” ಎಂದೆ. ಏನೂ ತೋಚದಾಗ ಆಡಲೆಂದೇ ನಾನು ಇಟ್ಟುಕೊಂಡಿರುವ ಮಾತು ಅದು.

“ಭಗವಂತ ಹಗ್ಗ ಹೊಸೆಯೋದು ಯಾವಾಗ ಕಲ್ತ, ಅಯ್ನೋರೇ? ಹೊಸೆಯೋಳು ಪುಟ್ಟಹೊನ್ನಮ್ಮ. ಅವಳನ್ನೇ ಕೇಳ್ಬೇಕು,” ಎಂದು ತಾಯಕ್ಕ ಖಾಲಿ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಹೊರಟಳು. ನಾನೂ ಖಾಲಿ ಕೊಡ ಹಿಡಿದು ಕೆಲಸಕ್ಕೆ ಹೋದೆ. ಆ ಎಂಟು ಮೊಳ ಹಗ್ಗವನ್ನು ತಿಂದವನು ನಾನೇ ಎಂದು ಆಗ ನನಗೆ ಗೊತ್ತಿರಲಿಲ್ಲ.

ನಮ್ಮೂರಿನಲ್ಲಿ ಹೊರಗಿನವರ ಕಣ್ಣು ಬೀಳದ ಕೋಣೆ ದಿನಕ್ಕೆ ಒಂದು ಬೆರಳು ಕುಗ್ಗುತ್ತದೆ. ಹಿಂದಿನ ಗೋಡೆ ಅಷ್ಟು ಮುಂದಕ್ಕೆ ಬಂದು ನಿಲ್ಲುತ್ತದೆ, ಅಷ್ಟೆ, ಸದ್ದಿಲ್ಲ, ಬಿರುಕಿಲ್ಲ. ಮನೆಯವರು ನೋಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ದಿನಾ ಓಡಾಡುವ ಕೋಣೆಯನ್ನು ಯಾರು ತಾನೆ ನೋಡುತ್ತಾರೆ? ಅದಕ್ಕೇ ಹಿಂದೆ ಸರದಿಯ ಪದ್ಧತಿಯಿತ್ತು. ಇಂದು ನಾವು ನಿಮ್ಮ ಮನೆ ನೋಡುವುದು, ನಾಳೆ ನೀವು ನಮ್ಮ ಮನೆ. ಬಂದವರು ಮಣೆಯ ಮೇಲೆ ಕೂತು, ಮಜ್ಜಿಗೆ ಕುಡಿದು, ನಾಲ್ಕು ಮೂಲೆಗೂ ಕಣ್ಣು ಹಾಯಿಸಿ, ಹೊಸ ಪಾತ್ರೆ ಕಂಡರೆ ಎಲ್ಲಿಂದ ಬಂತೆಂದು ಕೇಳಿ ಎದ್ದು ಹೋಗುವರು. ಜಗಳವಾಡಿದವರೂ ಮೂರನೆಯ ದಿನ ಮುಖ ಊದಿಸಿಕೊಂಡೇ ಬಂದು ನೋಡಿ ಹೋಗುತ್ತಿದ್ದರು. ಒಬ್ಬರ ಅಡುಗೆಮನೆ ಕುಗ್ಗಿಸಿದ ಪಾಪ ಯಾರಿಗೆ ಬೇಕು?

ಪುರಸಭೆಯ ಅಧ್ಯಕ್ಷ ಮರಿದೇವಪ್ಪನವರಿಗೆ ಈ ಪದ್ಧತಿ ಹಳೆಯ ಕಾಲದ್ದು ಅನ್ನಿಸಿತು. ಅವರು ಎಲ್ಲಿಂದಲೋ ಕಾಳು ತರಿಸಿದರು. ತಂದವರ ಬಾಯಲ್ಲಿ ಅದು ಸೆನ್ಸರ್. ಮೆಣಸಿನ ಕಾಳಿನಷ್ಟಿದ್ದುದರಿಂದ ನಮ್ಮ ಬಾಯಲ್ಲಿ ಕಾಳು. ನೂರ ನಲವತ್ತು ಮನೆಗಳ ಗೋಡೆ, ನೆಲ, ತೊಲೆಗಳಿಗೆಲ್ಲ ಅಂಟಿಸಿದರು. ಒಂದು ಬಿಸಿಯನ್ನು ಹೇಳುತ್ತದೆ, ಒಂದು ತೇವವನ್ನು, ಒಂದು ಭಾರವನ್ನು, ಒಂದು ಸದ್ದನ್ನು. ಸದ್ದಿನ ಕಾಳು ನಾದವನ್ನಷ್ಟೇ ತರಬೇಕು, ಮಾತನ್ನು ತರಕೂಡದು ಎಂಬುದು ಊರವರ ಕರಾರು. ಇವೆಲ್ಲ ಸೇರಿ ಪುರಸಭೆಯ ಹಿಂಬದಿಯ ಕೋಣೆಯಲ್ಲಿದ್ದ ಒಂದು ಯಂತ್ರದೊಳಗೆ ಹೋಗುತ್ತವೆ. ಅಲ್ಲಿ ಕೂತವನು ಕಣ್ಣಿಗೂ ಕಿವಿಗೂ ಮುಚ್ಚುವಂಥ ಒಂದು ಸಾಧನ ತೊಟ್ಟು ಗದ್ದಕ್ಕೆ ಪಟ್ಟಿ ಬಿಗಿದುಕೊಂಡರೆ ಸಾಕು, ಊರಿನ ಒಂದೊಂದೇ ಮನೆ ಅವನ ಸುತ್ತ ಎದ್ದು ನಿಲ್ಲುತ್ತದೆ. ಹೊಸ್ತಿಲು ದಾಟಬಹುದು, ಅಟ್ಟ ಇಣುಕಬಹುದು. ಜನ ಮಾತ್ರ ಕಾಣುವುದಿಲ್ಲ. ಅವರು ಬೆಚ್ಚನೆಯ ಬೆಳಕಿನ ಗುಪ್ಪೆಗಳು. ಪೆಟ್ಟಿಗೆಯ ಮೇಲೆ ವರ್ಚುವಲ್ ರಿಯಾಲಿಟಿ ಎಂದು ಬರೆದಿತ್ತು. ಗದ್ದದ ಕೆಳಗಿನ ಪಟ್ಟಿಯನ್ನು ಕಂಡದ್ದೇ ಹೆಂಗಸರೆಲ್ಲ ಅದನ್ನು ಕೂಸಿನ ಕುಲಾವಿ ಎಂದರು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕುಲಾವಿ ತೊಡುವ ಯೋಗ ನನ್ನದಾಯಿತು.

ನನ್ನನ್ನೇ ಏಕೆ ಆರಿಸಿದರೆಂದರೆ, ನಾನು ಮಾತಾಡುವವನಲ್ಲ. ಕಂಡದ್ದನ್ನು ಬೀದಿಯಲ್ಲಿ ಹೇಳುವವನಲ್ಲ. “ಅಹೋಬಲಯ್ಯ ಬಿಡಿ, ಗೋಡೆ ಇದ್ದ ಹಾಗೆ,” ಎಂದು ಮರಿದೇವಪ್ಪ ಸಭೆಯಲ್ಲಿ ಹೊಗಳಿದರು. ನಾನು ತಲೆ ಬಗ್ಗಿಸಿ ಆ ಹೊಗಳಿಕೆಯನ್ನು ಸ್ವೀಕರಿಸಿದೆ.

ಮೊದಲ ವಾರ ನನ್ನನ್ನು ನೋಡಿದ್ದರೆ ಯಾರಿಗಾದರೂ ಹುಚ್ಚನೆಂದೇ ಅನ್ನಿಸುತ್ತಿತ್ತು. ಖಾಲಿ ಕೋಣೆಯಲ್ಲಿ ಒಬ್ಬನೇ ಹೊಸ್ತಿಲು ದಾಟಲೆಂದು ಕಾಲೆತ್ತಿ ಕುರ್ಚಿಗೆ ಮೊಣಕಾಲು ಬಡಿದುಕೊಳ್ಳುತ್ತಿದ್ದೆ. ಗಿಡ್ಡ ಬಾಗಿಲು ಬಂದರೆ ತಲೆ ಬಗ್ಗಿಸುತ್ತಿದ್ದೆ. ದೇವರ ಗೂಡು ಕಂಡರೆ ಕೈ ಮುಗಿಯುತ್ತಿದ್ದೆ. ಒಂದು ಮನೆಯಲ್ಲಿ ಯಾರದೋ ಸ್ನಾನದ ಹಬೆ ಕಂಡು “ಕ್ಷಮಿಸಬೇಕು” ಎಂದು ಹಿಂದೆ ಸರಿದು ಕಿಟಕಿಯ ಸರಳಿಗೆ ಹಿಂದಲೆ ಹೊಡೆದುಕೊಂಡೆ. ಕುಲಾವಿಯ ಹೊರಗಿಗಿಂತ ಒಳಗೇ ನಾನು ಹೆಚ್ಚು ಮರ್ಯಾದಸ್ಥನಾಗಿದ್ದೆ.

ನಾಲ್ಕು ಮೂಲೆಗೂ ತಲೆ ತಿರುಗಿಸಿದರೆ ಟಿಣ್ ಎನ್ನುತ್ತದೆ, ಮನೆಯ ಹೆಸರಿನ ಮುಂದೆ ಹಸಿರು ಚುಕ್ಕೆ ಬೀಳುತ್ತದೆ. ಆ ಮನೆ ನೋಡಿಯಾಯಿತು ಎಂದರ್ಥ. ನನ್ನ ಪತನ ಶುರುವಾದದ್ದು ಈ ಟಿಣ್‌ನಿಂದ.

ನಾನು ಪದ್ಯ ಕೇಳುತ್ತ ಬೆಳೆದವನು. ನಮ್ಮಜ್ಜ ದಿನಾ ಸಂಜೆ ದೀಪ ಹಚ್ಚಿದ ಮೇಲೆ ರಾಗವಾಗಿ ಕಾವ್ಯ ಓದುತ್ತಿದ್ದರು. ನನಗೆ ಓದುವ ಕಂಠ ಬರಲಿಲ್ಲ, ಅರ್ಥ ಹೇಳುವ ಬುದ್ಧಿಯೂ ಬರಲಿಲ್ಲ, ಕೇಳುವುದೊಂದು ಬಂತು. “ಕೇಳುವಾಗ ಕಣ್ಣು ಮುಚ್ಚೋ. ಕಣ್ಣು ಬಿಟ್ಟು ಕೂತರೆ ಅರ್ಧ ಪದ್ಯ ಕಣ್ಣಿನಿಂದಲೇ ಸೋರಿಹೋಗುತ್ತೆ,” ಎನ್ನುತ್ತಿದ್ದರು ಅಜ್ಜ. ನಾನು ಬಿಡದೆ ಪಾಲಿಸಿದ ಉಪದೇಶ ಅದೊಂದೇ. ಇಂಪಾದದ್ದು ಕಿವಿಗೆ ಬಿತ್ತೆಂದರೆ ನನ್ನ ರೆಪ್ಪೆ ತಾನಾಗಿ ಇಳಿಯುತ್ತದೆ, ತಲೆ ತೂಗತೊಡಗುತ್ತದೆ.

ಊರಿನ ಕೊನೆಯ ಬೀದಿಯಲ್ಲಿ ಹಗ್ಗದ ಮನೆ. ನಮ್ಮ ಮನೆಯ ಸರದಿಯೆಲ್ಲ ಮೇಲಿನ ಬೀದಿಗೆ ಬೀಳುತ್ತಿದ್ದುದರಿಂದ ಅದರೊಳಗೆ ನಾನು ಕಾಲಿಟ್ಟವನೇ ಅಲ್ಲ. ಬೀದಿಯಿಂದ ಹಿತ್ತಲವರೆಗೂ ಒಂದೇ ಉದ್ದನೆಯ ಪಡಸಾಲೆ. ಬಾಗಿಲ ಬಳಿ ರಾಟೆ, ಹಿಂದಿನ ಗೋಡೆಯ ಬುಡದಲ್ಲಿ ಗೂಟ. ರಾಟೆಯಿಂದ ಗೂಟದವರೆಗೆ ಪುಂಡಿನಾರು ಹೊಸೆದರೆ ಅದು ಒಂದು ಪಡಸಾಲೆ ಹಗ್ಗ. ಮೂರು ತಲೆಮಾರಿನಿಂದ ಊರಿನಲ್ಲಿ ಹಗ್ಗಕ್ಕೆ ಬೇರೆ ಅಳತೆಯಿಲ್ಲ. ಹಸು ಕಟ್ಟಲು ಕಾಲು ಪಡಸಾಲೆ, ದೊಡ್ಡಬಾವಿಗೆ ಎರಡು ಪಡಸಾಲೆ. ಪಡಸಾಲೆ ಎಷ್ಟುದ್ದ ಎಂದು ಯಾರಾದರೂ ಕೇಳಿದರೆ, ಒಂದು ಪಡಸಾಲೆ ಎನ್ನುತ್ತಿದ್ದರು.

ಕುಲಾವಿ ತೊಟ್ಟು ಮೊದಲ ಸಲ ಆ ಹೊಸ್ತಿಲು ದಾಟಿದಾಗ ರಾಟೆ ತಿರುಗುತ್ತಿತ್ತು. ಅದರ ಸದ್ದು ಮೂರು–ನಾಲ್ಕು, ಮೂರು–ನಾಲ್ಕು ಎಂದು ಸಾಗಿ, ಎರಡು ಸಾಲಾದ ಮೇಲೆ ಮೂರನೆಯದರ ಕೊನೆಗೆ ಒಂದು ಎಳೆತ ಎಳೆದು ನಿಲ್ಲುತ್ತಿತ್ತು. ಸಾಕ್ಷಾತ್ ಭಾಮಿನಿ ಷಟ್ಪದಿಯ ನಡೆ! ಅಜ್ಜ ಗಂಟಲು ಸರಿಮಾಡಿಕೊಂಡು ಪಕ್ಕದಲ್ಲಿ ಕೂತಂತಾಯಿತು. ನನ್ನ ರೆಪ್ಪೆ ಇಳಿಯಿತು, ತಲೆ ನಾಲ್ಕೂ ಕಡೆಗೆ ತೂಗಿತು. ಟಿಣ್ ಎಂದಿತು. ಹಸಿರು ಚುಕ್ಕೆ ಬಿತ್ತು.

ಅಂದಿನಿಂದ ಆ ಮನೆಯನ್ನು ಕೊನೆಗೆ ಇಟ್ಟುಕೊಂಡೆ, ಮಕ್ಕಳು ಒಬ್ಬಟ್ಟಿನ ನಡುವಿನ ಹೂರಣ ಕೊನೆಗೆ ಇಟ್ಟುಕೊಂಡಂತೆ. ಉಳಿದ ನೂರ ಮೂವತ್ತೊಂಬತ್ತು ಮನೆಗಳನ್ನು ಕಣ್ಣು ಬಿಟ್ಟು ನೋಡಿದೆ, ನಿಷ್ಠೆಯಿಂದಲೇ. ಇದೊಂದನ್ನು ಕೇಳಿದೆ. ತೊಂಬತ್ತು ದಿನ ಕೇಳಿದೆ. ಕಪ್ಪು ಗಾಜಿನ ಹಿಂದೆ ನನ್ನ ಕಣ್ಣು ಮುಚ್ಚಿದೆಯೋ ತೆರೆದಿದೆಯೋ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ನನಗೂ, ನಿಜ ಹೇಳಬೇಕೆಂದರೆ, ತಿಳಿಯುತ್ತಿರಲಿಲ್ಲ. ಮನಸ್ಸು ತುಂಬಿತು ಎಂದು ಕೈ ಮುಗಿದು ಮನೆಗೆ ಹೋಗುತ್ತಿದ್ದೆ. ಕುಲಾವಿ ಬಂದ ಮೇಲೆ ಸರದಿ ನಿಂತುಹೋಗಿತ್ತು. ಯಾರ ಮನೆಗೆ ಯಾರೂ ಹೋಗುತ್ತಿರಲಿಲ್ಲ. ಅಷ್ಟುದ್ದದ ಮನೆಯಲ್ಲಿ ಪುಟ್ಟಹೊನ್ನಮ್ಮ ಒಬ್ಬಳೇ ಇದ್ದಳು, ಅವಳ ಕಣ್ಣು ಮನೆಯವರ ಕಣ್ಣು.

ಹಗ್ಗದ ದೂರು ಪುರಸಭೆಗೆ ಹೋಯಿತು. ಇಬ್ಬರು ಸದಸ್ಯರು ಹೊಸ ಹಗ್ಗ ಹೊತ್ತು ಹಗ್ಗದ ಮನೆಗೆ ಹೋಗಿ, ಚಪ್ಪಲಿ ಬಿಚ್ಚುವ ಸೋಮಾರಿತನಕ್ಕೆ ಹೊಸ್ತಿಲಾಚೆಯೇ ನಿಂತು, ಪುಟ್ಟಹೊನ್ನಮ್ಮನ ಕೈಯಲ್ಲೇ ಅಳೆಸಿದರು. ರಾಟೆಯಿಂದ ಗೂಟಕ್ಕೆ, ಗೂಟದಿಂದ ಮತ್ತೆ ರಾಟೆಗೆ. ಕರಾರುವಾಕ್ಕು ಎರಡು ಪಡಸಾಲೆ. ಹಾಗಾದರೆ ನೀರೇ ಇಳಿದಿದೆ ಎಂದು ಮೂರು ದಿನ ಊರೆಲ್ಲ ಬಾವಿಯನ್ನು ಬೈಯಿತು. ನಾಲ್ಕನೆಯ ದಿನ ತಾಯಕ್ಕ ತನ್ನ ಅಟ್ಟದಿಂದ ಎರಡು ವರ್ಷದ ಹಿಂದಿನ ಎರಡು ಪಡಸಾಲೆ ಹಗ್ಗ ತಂದು ಬೀದಿಯಲ್ಲಿ ಹೊಸದರ ಪಕ್ಕ ಹಾಸಿದಳು. ಹೊಸದು ಎಂಟು ಮೊಳ ಗಿಡ್ಡ.

“ರಾಟೆನ ನಾಲ್ಕು ಮೊಳ ಒಳಕ್ಕೆ ಸರಿಸವ್ಳೆ,” ಎಂದರು ಜನ. ನಾರು ಉಳಿಸಿದಳು, ಊರಿಗೆ ಮೋಸ ಮಾಡಿದಳು. ಅಳತೆ ತಪ್ಪಿದವರಿಗೆ ನಮ್ಮೂರಿನಲ್ಲಿ ಒಂದೇ ಶಿಕ್ಷೆ: ಅಳೆಯುವ ಸಾಧನವನ್ನು ಬಾವಿಕಟ್ಟೆಯ ಮೇಲಿಟ್ಟು ಎಲ್ಲರ ಎದುರು ಮುರಿಯುವುದು. ಹಿಂದೊಮ್ಮೆ ಎಣ್ಣೆಯವನ ಪಾವು ಹಾಗೆ ಜಜ್ಜಿಹೋಗಿತ್ತು. ಆಮೇಲೆ ಅವನಿಂದ ಯಾರೂ ದೀಪಕ್ಕೆ ಕೂಡ ಎಣ್ಣೆ ಕೊಳ್ಳಲಿಲ್ಲ.

ಬೀದಿಯಲ್ಲಿ ಹಾಸಿದ್ದ ಎರಡು ಹಗ್ಗಗಳನ್ನು ಕಂಡಾಗಲೇ ನಾನು ಬೆರಳು ಮಡಚಿ ಲೆಕ್ಕ ಹಾಕಿದ್ದೆ. ಎರಡು ಪಡಸಾಲೆಗೆ ಎಂಟು ಮೊಳ ಕಮ್ಮಿ ಎಂದರೆ ಒಂದಕ್ಕೆ ನಾಲ್ಕು. ಮೊಳಕ್ಕೆ ಇಪ್ಪತ್ತನಾಲ್ಕು ಬೆರಳು. ಹೆಚ್ಚುಕಡಿಮೆ ತೊಂಬತ್ತು ದಿನ. ಆ ಸಂಜೆ ಮರಿದೇವಪ್ಪ ನನ್ನ ಕೋಣೆಗೆ ಬಂದರು.

“ರೀ ಅಹೋಬಲಯ್ಯ, ಪಡಸಾಲೆ ಕುಗ್ಗಿದೆ ಅಂತ ಅವಳು ವಾದ ಹೂಡಬಹುದು. ಕುಲಾವಿಯ ಮಾನ ಹೋಗುತ್ತೆ. ತೊಂಬತ್ತಕ್ಕೆ ತೊಂಬತ್ತೂ ಹಸಿರು ಚುಕ್ಕೆ ಇದೆ ತಾನೆ?”

“ಇದೆ.”

“ನಾಳೆ ಬಾವಿಕಟ್ಟೇಲಿ ದಿನಾ ನೋಡಿದೀನಿ ಅಂತ ಒಂದು ಮಾತು ಹೇಳಿ ಸಾಕು.”

ಸತ್ಯಕ್ಕಾಗಿ ರಾಜ್ಯ ಬಿಟ್ಟವರ ಪದ್ಯಗಳನ್ನು ಕೇಳಿ ನಾನು ಎಷ್ಟು ಸಲ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ನನಗೆ ಬಿಡಬೇಕಾಗಿದ್ದದ್ದು ರಾಜ್ಯವಲ್ಲ, ಒಂದು ಕುಲಾವಿ. “ಆಗಲಿ,” ಎಂದೆ.

ಬೆಳಿಗ್ಗೆ ಬಾವಿಯ ಸುತ್ತ ಊರೆಲ್ಲ ಸೇರಿತ್ತು. ರಾಟೆಯನ್ನು ಕಟ್ಟೆಯ ಮೇಲಿಟ್ಟಿದ್ದರು. ಪುಟ್ಟಹೊನ್ನಮ್ಮ ಅದರ ಪಕ್ಕ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದಳು. ಬಿಸಿಯ ಗುಪ್ಪೆಯಾಗಿ ಮಾತ್ರ ಗೊತ್ತಿದ್ದವಳನ್ನು ನಾನು ಹತ್ತಿರದಿಂದ ನೋಡಿದ್ದು ಅವತ್ತೇ. ಐವತ್ತೈದರ ಆಸುಪಾಸಿನ ತೆಳ್ಳನೆಯ ಹೆಂಗಸು, ಅಂಗೈ ತುಂಬ ನಾರು ಕೊಯ್ದ ಗೆರೆಗಳು. ಅವಳು ವಾದವನ್ನೇನೂ ಹೂಡಲಿಲ್ಲ.

“ರಾಟೆ ನಾನು ಕದಲ್ಸಿಲ್ಲ. ಅಯ್ನೋರು ದಿನಾ ನೋಡ್ತಾರಲ್ಲ, ಅವರ್ನೇ ಕೇಳಿ. ಅವರು ಹೇಳಿದ್ಮೇಲೆ ಮುರೀರಿ,” ಎಂದಳು. ಊರಿನಲ್ಲಿ ನನ್ನನ್ನು ಅಷ್ಟು ನಂಬಿದವರು ಇನ್ನೊಬ್ಬರಿರಲಿಲ್ಲ. ಕಾಲಿನ ಹೆಬ್ಬೆರಳಿನಿಂದ ನಾನು ಕಟ್ಟೆಯ ಕಲ್ಲುಗಳನ್ನು ಎಣಿಸತೊಡಗಿದೆ.

“ಹೇಳಿ, ನೋಡಿದೀರಿ ತಾನೆ?” ಎಂದರು ಮರಿದೇವಪ್ಪ.

“ಕುಲಾವಿ ಹಾಗನ್ನುತ್ತೆ,” ಎಂದೆ.

“ಕುಲಾವಿ ಕಟ್ಕೊಂಡು ಏನ್ ಮಾಡಾನ?” ತಾಯಕ್ಕ ಮುಂದೆ ಬಂದಳು. “ನೀವು ನೋಡಿದ್ರಾ? ನೋಡಿದ್ರೆ ಹೇಳಿ, ಅವಳ ಗೋಡೆ ಮೇಲಿನ ಎಮ್ಮೆ ಯಾವ ಕಡೆ ಮುಖ ಮಾಡೈತೆ?”

ಗೋಡೆಯ ಮೇಲೆ ಎಮ್ಮೆಯೇ? ಸುತ್ತಲೂ ನೋಡಿದೆ. ಎಲ್ಲರದೂ ಗೊತ್ತಿದ್ದವರ ಮುಖ. ಸರದಿಗೆ ಹೋದವರೆಲ್ಲ ಮಜ್ಜಿಗೆ ಕುಡಿಯುತ್ತ ನೋಡಿದ, ಗೂಟದ ಪಕ್ಕದ ಗೋಡೆಯಲ್ಲಿ ತೇವದಿಂದ ಮೂಡಿದ ದೊಡ್ಡ ಕಲೆ ಅದಂತೆ. ತೇವದ ಕಾಳು ಅದನ್ನು ತೊಂಬತ್ತು ಸಲ ನನ್ನ ಮುಖದೆದುರು ತಂದು ನಿಲ್ಲಿಸಿತ್ತು.

“ಬಾಗಿಲ ಕಡೆ,” ಎಂದೆ.

ಯಾರೋ ಕಿಸಕ್ಕೆಂದರು.

“ಅಂದ್ರೆ, ಗೂಟದ ಕಡೆ.”

ಈಗ ಕಟ್ಟೆಯೇ ನಕ್ಕಿತು. “ಯಾವ ಕಡೆಗೂ ಇಲ್ಲ ಅಯ್ನೋರೇ,” ಎಂದಳು ತಾಯಕ್ಕ. “ಮೈ ಗೋಡೆ ಉದ್ದಕ್ಕೈತೆ, ಮುಖ ಮಾತ್ರ ನೋಡೋರ್ನೇ ನೋಡ್ತದೆ.”

ಮರಿದೇವಪ್ಪ ಕೈಯೆತ್ತಿ ಸುಮ್ಮನಿರಿಸಿದರು. “ಗೋಡೆ ಕಲೆ ಪುರಾಣ ಯಾಕಮ್ಮ ಈಗ? ಅಹೋಬಲಯ್ಯ, ಹೌದು ಅನ್ನಿ, ಮುಗಿಸೋಣ.”

ಹೌದು ಎನ್ನಲು ಬಾಯಿ ತೆರೆದೆ ಕೂಡ. ಆಗ ಪುಟ್ಟಹೊನ್ನಮ್ಮ, ಬಹುಶಃ ಕೈ ಸುಮ್ಮನಿರಲಾರದೆ, ಬಹುಶಃ ಇದೇ ಕೊನೆಯ ಸಲ ಎಂದುಕೊಂಡು, ರಾಟೆಯ ಹಿಡಿ ತಿರುಗಿಸಿದಳು. ಮೂರು–ನಾಲ್ಕು, ಮೂರು–ನಾಲ್ಕು. ಕಾಳಿನ ಮೂಲಕ ಕೇಳಿದ್ದಕ್ಕಿಂತ ಹತ್ತು ಪಾಲು ಇಂಪು. ಅಷ್ಟು ಜನರೆದುರು, ಹಗಲು ಬೆಳಕಿನಲ್ಲಿ, ಕಪ್ಪು ಗಾಜಿನ ಮರೆಯೂ ಇಲ್ಲದೆ, ನನ್ನ ರೆಪ್ಪೆ ಇಳಿಯಿತು. ತಲೆ ತೂಗಿತು. ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ. ಟಿಣ್ ಎನ್ನುವುದೊಂದು ಬಾಕಿ.

ರಾಟೆ ನಿಂತಿತು. ಕಣ್ಣು ಬಿಟ್ಟಾಗ ಯಾರೂ ನಗುತ್ತಿರಲಿಲ್ಲ. ಪುಟ್ಟಹೊನ್ನಮ್ಮ ನನ್ನ ರೆಪ್ಪೆಗಳನ್ನೇ ನೋಡುತ್ತಿದ್ದಳು.

“ಹಿಂಗೇನಾ?” ಎಂದಳು ಮೆಲ್ಲಗೆ.

ಇನ್ನೂ ತಪ್ಪಿಸಿಕೊಳ್ಳಬಹುದಿತ್ತು. ಬಿಸಿಲು ಎನ್ನಬಹುದಿತ್ತು, ತಲೆಸುತ್ತು ಎನ್ನಬಹುದಿತ್ತು. ಭಗವಂತನ ಇಚ್ಛೆಯಂತೂ ಯಾವಾಗಲೂ ಕೈಯಳತೆಯಲ್ಲೇ ಇತ್ತು.

“ಹೀಗೇ,” ಎಂದೆ. “ದಿನಾ. ನಿಮ್ಮ ಮನೆ ಬಂತು ಅಂದ್ರೆ ಕಣ್ಣು ಮುಚ್ಕೋತಿದ್ದೆ. ನಾನು ನೋಡೇ ಇಲ್ಲ. ಪಡಸಾಲೆ ಕುಗ್ಗಿರೋದು ನನ್ನಿಂದ. ರಾಟೆ ಕದಲಿಲ್ಲ. ಆ ಸದ್ದಿನಲ್ಲಿ ಭಾಮಿನಿ ಕೇಳಿಸ್ತಿತ್ತು, ಅದಕ್ಕೆ…”

“ಯಾರ್ರೀ ಅವಳು ಭಾಮಿನಿ?” ಎಂದು ಹಿಂದಿನಿಂದ ಒಂದು ಗಂಡಸಿನ ದನಿ ಆಸಕ್ತಿಯಿಂದ ಕೇಳಿತು. ಉತ್ತರಿಸಲು ನನಗೆ ಪುರುಸೊತ್ತಾಗಲಿಲ್ಲ, ಏಕೆಂದರೆ ಊರೆಲ್ಲ ಆಗಲೇ ಹಗ್ಗದ ಮನೆಯ ಕಡೆ ಓಡುತ್ತಿತ್ತು. ಮೂರು ತಿಂಗಳಾದ ಮೇಲೆ ಮೊದಲ ಸಲ ಆ ಹೊಸ್ತಿಲ ಹೊರಗೆ ಚಪ್ಪಲಿಗಳ ರಾಶಿ ಬಿತ್ತು. ನಾನು ಕೊನೆಯವನಾಗಿ ಒಳಗೆ ಹೋದೆ. ಗೂಟದ ಪಕ್ಕದ ಗೋಡೆಯಲ್ಲಿ ಎಮ್ಮೆಯ ಮುಖವಿತ್ತು, ಎರಡು ಕೋಡು, ಮುಂಗಾಲು. ಹೊಟ್ಟೆಯಿಂದಾಚೆಗೆ ಎಮ್ಮೆಯೇ ಇರಲಿಲ್ಲ. ಹಿಂದಿನ ಗೋಡೆ ಅದನ್ನು ನುಂಗಿ ನಿಂತಿತ್ತು.

“ಅಯ್ಯೋ ನನ್ನವ್ವ,” ಎಂದಳು ಪುಟ್ಟಹೊನ್ನಮ್ಮ. ಅವಳಿಗೂ ಅದು ಕಂಡದ್ದು ಆಗಲೇ, ಉಳಿದವರು ಬೆರಳು ತೋರಿಸಿದ ಮೇಲೆ. “ಇದರ ಹಿಂಗಾಲು ಎಲ್ಲೋಯ್ತು?”

ಎಮ್ಮೆ ನನ್ನನ್ನೇ ನೋಡುತ್ತಿತ್ತು. ತಾಯಕ್ಕ ಹೇಳಿದ್ದು ನಿಜ.

ರಾಟೆಯನ್ನು ಹೊತ್ತು ತಂದು ಅದರ ಜಾಗದಲ್ಲಿಟ್ಟರು. ತಾಯಕ್ಕ ಕ್ಷಮೆಯನ್ನೇನೂ ಕೇಳಲಿಲ್ಲ, ಒಳಗಿನಿಂದ ಮಣೆಗಳನ್ನು ತಾನೇ ಎಳೆದು ತಂದು ಹಾಕಿ, “ಮಜ್ಜಿಗೆ ಐತೇನೇ?” ಎಂದಳು. ಮರಿದೇವಪ್ಪ ನನ್ನ ಕಡೆ ತಿರುಗಲಿಲ್ಲ. ಕುಲಾವಿ ಅವತ್ತೇ ಕೈ ಬದಲಾಯಿತು. ಈಗ ಅದನ್ನು ತೊಡುವವರು ಸ್ವತಃ ಅಧ್ಯಕ್ಷರು. ಅವರಿಗೆ ಸಂಗೀತ ಸೇರುವುದಿಲ್ಲವಂತೆ.

ನನಗೆ ಶಿಕ್ಷೆ ಹೇಳಿದವಳು ಪುಟ್ಟಹೊನ್ನಮ್ಮ. ಕುಗ್ಗಿದ ಕೋಣೆಯಲ್ಲಿ ಹೊರಗಿನವರೊಬ್ಬರು ಬೆಳಗಿನಿಂದ ಸಂಜೆಯವರೆಗೆ ಕೂತು ನೋಡಿದರೆ ದಿನಕ್ಕೊಂದು ಬೆರಳು ಹಿಂದಿರುಗುತ್ತದೆ ಎಂಬುದು ನಮ್ಮೂರಿನ ಹಿರಿಯರು ಕಂಡುಕೊಂಡ ಮಾತು. “ನುಂಗಿದೋರೇ ಕಕ್ಕಲಿ,” ಎಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆನೇನೋ.

ಹಾಗಾಗಿ ಈಗ ದಿನಾ ಹಗ್ಗದ ಮನೆಗೆ ಹೋಗುತ್ತೇನೆ. ಹೊಸ್ತಿಲು ದಾಟುವಾಗ ಎತ್ತಿದ ಕಾಲು ನಿಜವಾಗಿಯೂ ಹೊಸ್ತಿಲನ್ನೇ ದಾಟುತ್ತದೆ. ಗೂಟದ ಎದುರಿನ ಮಣೆ ನನ್ನದು. ಅವಳು ರಾಟೆ ತಿರುಗಿಸುತ್ತಾಳೆ, ನಾನು ಎಮ್ಮೆಯನ್ನು ನೋಡುತ್ತೇನೆ, ಎಮ್ಮೆ ನನ್ನನ್ನು ನೋಡುತ್ತದೆ. ಕಣ್ಣಿನಲ್ಲಿ ನೀರು ಬರುತ್ತದೆ. ಸರದಿಗೆ ಬಂದವರು, ಹೌದು, ಕೊನೆಯ ಬೀದಿಯಲ್ಲಿ ಅದು ಮತ್ತೆ ಶುರುವಾಗಿದೆ, ನನ್ನ ಭಕ್ತಿಯನ್ನು ಮೆಚ್ಚಿ ಹೋಗುತ್ತಾರೆ. ಅದು ಭಕ್ತಿಯಲ್ಲ, ರೆಪ್ಪೆಯ ನೋವು. ತೊಂಬತ್ತು ದಿನ ಕೇಳಿದ್ದರಲ್ಲಿ ನನಗೆ ಏನೇನು ಕಂಡಿರಲಿಲ್ಲ ಎಂದು ಈಗ ಕಾಣುತ್ತಿದೆ: ಮೂರನೆಯ ಸಾಲಿನ ಕೊನೆಯ ಆ ಎಳೆತ ರಾಟೆಯದಲ್ಲ. ಅವಳ ಎಡ ಮೊಣಕಾಲು ಮಡಚುವುದಿಲ್ಲ. ಅಲ್ಲಿಗೆ ಬಂದಾಗ ಅವಳು ಹಿಡಿಯ ಮೇಲೆ ಮೈಭಾರ ಬಿಟ್ಟು ಒಂದು ಉಸಿರು ನಿಲ್ಲುತ್ತಾಳೆ. ನಾನು ತಲೆದೂಗಿದ್ದು ಅದಕ್ಕೆ.

ಎಪ್ಪತ್ತೊಂದನೆಯ ದಿನ ಎಮ್ಮೆಗೆ ಎರಡು ಹಿಂಗಾಲೂ ಬಂದಿದ್ದವು. ಮಧ್ಯಾಹ್ನದ ಮಜ್ಜಿಗೆಯಾಗಿತ್ತು. ಹೊಸ ನಾರು ಒಳ್ಳೆಯದಿತ್ತೋ ಏನೋ, ರಾಟೆ ಅಂದು ಎಂದಿಲ್ಲದ ಹಾಗೆ ಹಾಡುತ್ತಿತ್ತು. ಅಜ್ಜ ಯಾವುದೋ ಪದ್ಯದ ಮೊದಲ ಸಾಲನ್ನು ಎತ್ತಿಕೊಂಡಂತೆಯೇ ಕೇಳಿಸಿತು. ತಡೆಯಲಾರದೆ ಹೋದೆ.

“ಹೊನ್ನಮ್ಮಾ,” ಎಂದೆ. “ಎಪ್ಪತ್ತು ದಿನ ಆಯ್ತು. ಒಂದೇ ಒಂದು ಪದ್ಯದಷ್ಟು ಹೊತ್ತು ಕಣ್ಣು ಮುಚ್ಕೊಳ್ಳಲಾ? ಆರೇ ಸಾಲು.”

ಅವಳು ರಾಟೆ ನಿಲ್ಲಿಸಲಿಲ್ಲ. ಗೋಡೆಯ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು.

“ಬಾಲ ಇನ್ನೂ ಬಂದಿಲ್ಲ,” ಎಂದಳು. “ಆಗಾಕಿಲ್ಲ.”